ಸೆರೆಮನೆಯಿಂದ ಬಂದ ಪತ್ರ, ಹಾಡಿಯಿಂದ ಹೋದ ಅರ್ಜಿ



ಇಂದಿನ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಒಂದು ಪತ್ರ. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಲ್ಲಿ ಕುಳಿತು ಮಾರ್ಟಿನ್ ಲೂಥರ್ ಕಿಂಗ್ ಅವರು ಕೈಯಾರೆ ಬರೆದದ್ದು. ಇಪ್ಪತ್ತನೆಯ ಶತಮಾನದ ನಾಗರಿಕ ಹಕ್ಕುಗಳ ಹೋರಾಟ ನಮಗೆ ಬಿಟ್ಟುಹೋದ ಬರಹಗಳಲ್ಲಿ ಇದಕ್ಕಿಂತ ಹೆಚ್ಚು ಓದಿಸಿಕೊಂಡದ್ದು ವಿರಳ. ಅಷ್ಟು ದೂರದ ಪತ್ರವನ್ನು ಹೆಗ್ಗಡದೇವನಕೋಟೆಯಲ್ಲಿ ನಿಂತು ಚರ್ಚಿಸಲು ಎರಡು ಕಾರಣಗಳಿವೆ. ಆ ಪತ್ರದ ಹಿಂದಿನ ನಿಲುವು ಗಟ್ಟಿಗೊಳ್ಳುವಲ್ಲಿ ಧಾರವಾಡದ ಕನ್ನಡಿಗರೊಬ್ಬರ ಪಾಲಿದೆ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ನಮ್ಮ ಈ ಸೀಮೆಯೂ ಹಕ್ಕಿಗಾಗಿ ಅರ್ಜಿ ಬರೆದ ಜನರ ಸೀಮೆ. ಕಾಡಂಚಿನ ಆದಿವಾಸಿ ಹಾಡಿಗಳಿಂದ ಹೊರಟ ಕಾಗದಗಳಿಗೂ ಆ ಪತ್ರಕ್ಕೂ ಒಂದೇ ಕುಲದ ನಂಟಿದೆ ಎಂಬುದು ನನ್ನ ನಂಬಿಕೆ.

ನಾನು ಹೇಳಬೇಕಾದ ಮಾತು ಇಷ್ಟು. ಹಕ್ಕಿನ ಪತ್ರವನ್ನು ಬರೆಯುವವರು ಒಬ್ಬರಿರಬಹುದು. ಅದನ್ನು ಲೋಕಕ್ಕೆ ಮುಟ್ಟಿಸಿ ದಾಖಲೆಯಾಗಿ ನಿಲ್ಲಿಸುವವರು ಹಲವರು. ಆ ಹಲವರ ಕೆಲಸ ನಡೆಯದಿದ್ದರೆ ಎಷ್ಟೇ ದೊಡ್ಡ ಪತ್ರವಾದರೂ ಬರೆದವರೊಂದಿಗೇ ಅಳಿದುಹೋಗುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಕೆಲಸ ನಡೆಯಿತು. ನಮ್ಮಲ್ಲಿ ಇನ್ನೂ ನಡೆಯಬೇಕಾಗಿದೆ.

1. ಪತ್ರ ಹುಟ್ಟಿದ ಸಂದರ್ಭ

ಆ ಕಾಲದ ಬರ್ಮಿಂಗ್‌ಹ್ಯಾಮ್ ಉಕ್ಕಿನ ಕಾರ್ಖಾನೆಗಳ ಊರು. ವರ್ಣಭೇದವನ್ನು ಕಾನೂನಾಗಿಸಿಕೊಂಡಿದ್ದ ಊರು. ಅಂಗಡಿಯಲ್ಲಿ ಕಪ್ಪು ಜನರ ದುಡ್ಡು ನಡೆಯುತ್ತಿತ್ತು. ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಅವರು ಕುಳಿತುಕೊಳ್ಳುವಂತಿರಲಿಲ್ಲ. ಸ್ಥಳೀಯ ಪಾದ್ರಿ ಫ್ರೆಡ್ ಶಟಲ್ಸ್‌ವರ್ತ್ ವರ್ಷಗಟ್ಟಲೆ ಈ ವ್ಯವಸ್ಥೆಯ ವಿರುದ್ಧ ಹೋರಾಡಿದ್ದರು. ಅವರ ಮನೆಯ ಮೇಲೆ ಬಾಂಬು ಬಿದ್ದಿತ್ತು. ಅವರ ಕರೆಗೆ ಓಗೊಟ್ಟು ಕಿಂಗ್ ಮತ್ತು ಸಂಗಡಿಗರು ಬಂದರು. 1963ರ ಏಪ್ರಿಲ್ 3ರಂದು ಚಳವಳಿ ಆರಂಭವಾಯಿತು. ಈಸ್ಟರ್ ಹಬ್ಬದ ವ್ಯಾಪಾರದ ಕಾಲ ಅದು. ಅಂಗಡಿಗಳನ್ನು ಬಹಿಷ್ಕರಿಸಿದರೆ ವರ್ತಕರಿಗೆ ನ್ಯಾಯದ ಮಾತು ಬೇಗ ಕೇಳಿಸುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಏಪ್ರಿಲ್ 10ರಂದು ನ್ಯಾಯಾಲಯ ಮೆರವಣಿಗೆಗಳಿಗೆ ತಡೆಯಾಜ್ಞೆ ನೀಡಿತು. ಜಾಮೀನಿಗೆ ಇಟ್ಟಿದ್ದ ಹಣವೂ ಬರಿದಾಗಿತ್ತು. ಕಿಂಗ್ ಹೊರಗಿದ್ದು ಹಣ ಕೂಡಿಸಲಿ ಎಂದವರಿದ್ದರು. ಏಪ್ರಿಲ್ 12ರ ಶುಭ ಶುಕ್ರವಾರ ಅವರು ಸಂಗಡಿಗ ರಾಲ್ಫ್ ಅಬರ್ನಾಥಿಯವರೊಡನೆ ಮೆರವಣಿಗೆ ಹೊರಟು ಬಂಧನಕ್ಕೊಳಗಾದರು. ಒಂಟಿ ಕೋಣೆಗೆ ಸೇರಿದರು. ಅದೇ ಹೊತ್ತಿಗೆ ನಗರದ ಎಂಟು ಮಂದಿ ಬಿಳಿಯ ಧರ್ಮಗುರುಗಳು ಸೇರಿ ಒಂದು ಹೇಳಿಕೆ ಹೊರಡಿಸಿದರು. ಬಿಷಪ್ಪರು, ಪಾದ್ರಿಗಳು, ಒಬ್ಬ ಯೆಹೂದಿ ಗುರು ಅವರಲ್ಲಿದ್ದರು. ಅವರಾರೂ ಹಿಂಸೆಯನ್ನು ಸಾರುವವರಲ್ಲ. ತಕ್ಕಮಟ್ಟಿಗೆ ಉದಾರಿಗಳೆಂದೇ ಹೆಸರಾದವರು. ಪ್ರದರ್ಶನಗಳು ಅಕಾಲಿಕ, ಹೊರಗಿನವರ ಪ್ರಚೋದನೆಯಿಂದ ನಡೆಯುತ್ತಿವೆ, ನ್ಯಾಯಾಲಯದಲ್ಲಿ ಮತ್ತು ಮಾತುಕತೆಯಲ್ಲಿ ಪರಿಹಾರ ಹುಡುಕಬೇಕು ಎಂಬುದು ಅವರ ಬುದ್ಧಿವಾದ.

ಆ ಹೇಳಿಕೆ ಅಚ್ಚಾಗಿದ್ದ ಪತ್ರಿಕೆ ಸೆರೆಮನೆಯಲ್ಲಿ ಕಿಂಗ್ ಅವರ ಕೈಸೇರಿತು. ಉತ್ತರ ಬರೆಯಲು ಕಾಗದವಿರಲಿಲ್ಲ. ಆ ಪತ್ರಿಕೆಯ ಅಂಚಿನಲ್ಲೇ ಅವರು ಬರೆಯತೊಡಗಿದರು. ಅಂಚು ಮುಗಿದಾಗ, ಜೈಲಿನ ಕೆಲಸಕ್ಕೆ ಹಚ್ಚಿದ್ದ ಕಪ್ಪು ಜನಾಂಗದ ಕೈದಿಯೊಬ್ಬ ತಂದುಕೊಟ್ಟ ತುಂಡು ಕಾಗದಗಳ ಮೇಲೆ ಬರೆದರು. ಕೊನೆಗೆ ವಕೀಲರು ಬಿಟ್ಟುಹೋಗಲು ಅನುಮತಿ ಸಿಕ್ಕ ಹಾಳೆಗಳ ಕಟ್ಟಿನಲ್ಲಿ ಮುಗಿಸಿದರು. ಇದನ್ನು ಕಿಂಗ್ ಅವರೇ 1964ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ತಿಳಿಸಿದ್ದಾರೆ. ಪತ್ರಕ್ಕೆ ಏಪ್ರಿಲ್ 16ರ ದಿನಾಂಕವಿದೆ. ಏಪ್ರಿಲ್ 20ರಂದು ಅವರ ಬಿಡುಗಡೆಯಾಯಿತು.

2. ಪತ್ರದ ವಾದ

ಪತ್ರದ ಸ್ವರ ಸಿಟ್ಟಿನದಲ್ಲ. ತನ್ನನ್ನು ಟೀಕಿಸಿದವರನ್ನು ಸದ್ಭಾವದವರೆಂದು ಒಪ್ಪಿಕೊಂಡು, ಅವರ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರಿಸುವ ಕ್ರಮ ಅದರದು. ಹೊರಗಿನವನೆಂಬ ಮಾತಿಗೆ, ಒಂದು ಊರಿನ ಅನ್ಯಾಯ ಆ ಊರಿನ ಸ್ವಂತ ಸಂಗತಿಯಾಗಿ ಉಳಿಯುವುದಿಲ್ಲ ಎಂದು ತೋರಿಸುತ್ತಾರೆ. ಕಾಲ ಪಕ್ವವಾಗಿಲ್ಲವೆಂಬ ಮಾತಿಗೆ, ಮುನ್ನೂರು ವರ್ಷಕ್ಕೂ ಹೆಚ್ಚು ಕಾದವರಿಗೆ ಇನ್ನೂ ಕಾಯಿರಿ ಎನ್ನುವುದು ಬೇಡವೆಂದು ಹೇಳಿದಂತೆಯೇ ಎಂದು ವಾದಿಸುತ್ತಾರೆ. ಕಾನೂನು ಮುರಿಯುತ್ತೀರಿ ಎಂಬ ಆಕ್ಷೇಪಕ್ಕೆ ನ್ಯಾಯದ ಕಾನೂನು ಯಾವುದು, ಅನ್ಯಾಯದ ಕಾನೂನು ಯಾವುದು ಎಂದು ಬಿಡಿಸುತ್ತಾರೆ. ಒಂದು ಗುಂಪು ತನ್ನ ಮೇಲೆ ಹೇರಿಕೊಳ್ಳದೆ ಇನ್ನೊಂದು ಗುಂಪಿನ ಮೇಲೆ ಮಾತ್ರ ಹೇರುವ ಕಟ್ಟಳೆ, ಅದನ್ನು ರೂಪಿಸುವಲ್ಲಿ ಮತವೇ ಇಲ್ಲದ ಜನರ ಮೇಲಿನ ಕಟ್ಟಳೆ, ಎರಡೂ ಅನ್ಯಾಯದವು. ಅವನ್ನು ಮುರಿಯುವವನು ಬಹಿರಂಗವಾಗಿ ಮುರಿಯಬೇಕು, ದಂಡನೆಯನ್ನು ಒಪ್ಪಿಕೊಳ್ಳಬೇಕು. ಕಿಂಗ್ ಅವರ ದೃಷ್ಟಿಯಲ್ಲಿ ಕಾನೂನಿಗೆ ತೋರುವ ಅತ್ಯುನ್ನತ ಗೌರವವೇ ಅದು.

ಅವರಿಗೆ ಹೆಚ್ಚು ನೋವು ಕೊಟ್ಟದ್ದು ಮುಖವಾಡ ತೊಟ್ಟ ದ್ವೇಷಿಗಳಲ್ಲ. ಗುರಿಯನ್ನು ಒಪ್ಪುತ್ತೇನೆ, ದಾರಿಯನ್ನು ಒಪ್ಪುವುದಿಲ್ಲ ಎನ್ನುವ ಮಧ್ಯಮಮಾರ್ಗಿಗಳು. ನ್ಯಾಯಕ್ಕಿಂತ ಶಾಂತಿಯೇ ಮೇಲೆಂದು ಬಗೆದವರಿಗೆ ಇರುವ ಅನ್ಯಾಯವೇ ಶಾಂತಿಯಾಗಿ ತೋರುತ್ತದೆ ಎಂಬ ಅವರ ಮಾತಿನ ಸಾರ ಇಂದಿಗೂ ಓದುವವರನ್ನು ಕೂತಲ್ಲಿ ಕೂರಗೊಡುವುದಿಲ್ಲ.

ಸಭಿಕರ ಗಮನವನ್ನು ಪತ್ರದ ಇನ್ನೊಂದು ಭಾಗಕ್ಕೆ ವಿಶೇಷವಾಗಿ ಸೆಳೆಯುತ್ತೇನೆ. ಅಹಿಂಸಾತ್ಮಕ ಹೋರಾಟಕ್ಕೆ ನಾಲ್ಕು ಮೆಟ್ಟಿಲುಗಳಿವೆ ಎನ್ನುತ್ತಾರೆ ಕಿಂಗ್. ಅನ್ಯಾಯ ನಡೆದಿದೆಯೆ ಎಂದು ಸಂಗತಿಗಳನ್ನು ಕಲೆಹಾಕುವುದು ಮೊದಲನೆಯದು. ಮಾತುಕತೆ ಎರಡನೆಯದು. ಪೆಟ್ಟು ತಿಂದರೂ ತಿರುಗಿ ಹೊಡೆಯದಂತೆ ತನ್ನನ್ನು ಅಣಿಗೊಳಿಸಿಕೊಳ್ಳುವ ಆತ್ಮಶುದ್ಧಿ ಮೂರನೆಯದು. ನೇರ ಕ್ರಿಯೆ ನಾಲ್ಕನೆಯದು. ಬೀದಿಗೆ ಇಳಿಯುವುದು ಕೊನೆಯ ಮೆಟ್ಟಿಲು. ಸಂಗತಿಗಳನ್ನು ಬರೆದಿಡುವುದು ಮೊದಲ ಮೆಟ್ಟಿಲು. ಹೋರಾಟವೆಂದರೆ ಘೋಷಣೆ ಮಾತ್ರವೆಂದು ತಿಳಿದವರು ಈ ಅನುಕ್ರಮವನ್ನು ಮನಸ್ಸಿಗೆ ತಂದುಕೊಳ್ಳಬೇಕು.

3. ಧಾರವಾಡದಿಂದ ಮಾಂಟ್‌ಗೋಮರಿಗೆ

ಈ ಪತ್ರದ ಹಿನ್ನೆಲೆಯಲ್ಲಿ ಭಾರತವಿದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಅದರಲ್ಲಿ ಕನ್ನಡ ನಾಡಿನ ಪಾಲು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1894ರಲ್ಲಿ ಧಾರವಾಡದಲ್ಲಿ ಹುಟ್ಟಿದ ರಂಗನಾಥ ರಾಮಚಂದ್ರ ದಿವಾಕರರು 1921ರಲ್ಲಿ ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಬಾರಿ ಸೆರೆಮನೆ ಕಂಡರು. ಕರ್ನಾಟಕದ ಸತ್ಯಾಗ್ರಹಗಳನ್ನು ಒಳಗಿನಿಂದ ಬಲ್ಲವರಾಗಿದ್ದರು. ಸತ್ಯಾಗ್ರಹದ ತಂತ್ರ ಮತ್ತು ಇತಿಹಾಸವನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1946ರಲ್ಲಿ ಹೊರಬಂತು. ಎರಡು ವರ್ಷಗಳಲ್ಲಿ ಅಮೆರಿಕದಲ್ಲೂ ಅಚ್ಚಾಯಿತು. ಸ್ವತಂತ್ರ ಭಾರತದಲ್ಲಿ ಅವರು ಕೇಂದ್ರ ಸಚಿವರಾದರು, ಬಿಹಾರದ ರಾಜ್ಯಪಾಲರಾದರು, ಬಳಿಕ ಗಾಂಧಿ ಸ್ಮಾರಕ ನಿಧಿಯ ಹೊಣೆ ಹೊತ್ತರು.

1958ರ ಆಗಸ್ಟ್‌ನಲ್ಲಿ ದಿವಾಕರರು ಅಲಬಾಮದ ಮಾಂಟ್‌ಗೋಮರಿಗೆ ಹೋಗಿ ಕಿಂಗ್ ಅವರನ್ನು ಕಂಡರು. ವರ್ಣಭೇದದ ವಿರುದ್ಧ ಅಲ್ಲಿ 381 ದಿನ ನಡೆದ ಬಸ್ ಬಹಿಷ್ಕಾರ ಗೆದ್ದು ಆಗ ಎರಡು ವರ್ಷ ತುಂಬುತ್ತಾ ಬಂದಿತ್ತು. ಕಿಂಗ್ ಪ್ರಸಿದ್ಧರಾಗಿದ್ದರು. ನಾಯಕನಾದವನು ದೇಹದ ಕಷ್ಟವನ್ನು ತಾನೇ ಮುಂದಾಗಿ ಹೊತ್ತು ತೋರಿಸಬೇಕೆಂಬ ವಿಚಾರ ಅಂದಿನ ಮಾತುಕತೆಯಲ್ಲಿ ಮುಖ್ಯವಾಗಿ ಬಂದಿತೆಂದು ಕಿಂಗ್ ಅವರ ಗೆಳೆಯರೂ ಜೀವನಚರಿತ್ರೆಕಾರರೂ ಆದ ಲಾರೆನ್ಸ್ ರೆಡಿಕ್ ದಾಖಲಿಸಿದ್ದಾರೆ. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 3ರಂದು, ನ್ಯಾಯಾಲಯದ ಬಾಗಿಲಲ್ಲಿ ಪೊಲೀಸರು ಕಿಂಗ್ ಅವರನ್ನು ಒರಟಾಗಿ ಎಳೆದೊಯ್ದರು. ಖರ್ಚು ಸೇರಿ 14 ಡಾಲರ್ ದಂಡ ಕಟ್ಟಿ, ಇಲ್ಲವಾದರೆ 14 ದಿನ ಸೆರೆವಾಸ ಅನುಭವಿಸಿ ಎಂದು ತೀರ್ಪಾಯಿತು. ದಂಡ ಕಟ್ಟುವುದಿಲ್ಲ, ಸೆರೆಗೇ ಹೋಗುತ್ತೇನೆ ಎಂದು ಕಿಂಗ್ ನ್ಯಾಯಾಧೀಶರಿಗೆ ತಿಳಿಸಿದರು. ಅವರಿಗೆ ಸಿಗಬಹುದಾದ ಪ್ರಚಾರಕ್ಕೆ ಹೆದರಿ ನಗರದ ಪೊಲೀಸ್ ಕಮಿಷನರೇ ದಂಡ ತೆತ್ತು ಬಿಡಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಕಿಂಗ್ ದಂಪತಿಗಳು ರೆಡಿಕ್ ಅವರೊಡನೆ ಭಾರತಕ್ಕೆ ಬಂದು ಒಂದು ತಿಂಗಳು ಸುತ್ತಾಡಿದರು. ತಿರುವನಂತಪುರದ ಶಾಲೆಯೊಂದರಲ್ಲಿ ತಮ್ಮನ್ನು ಅಮೆರಿಕದ ಅಸ್ಪೃಶ್ಯರೆಂದು ಪರಿಚಯಿಸಿದಾಗ ಮೊದಲು ನೊಂದು, ಬಳಿಕ ಆ ಮಾತಿನ ನಿಜವನ್ನು ಒಪ್ಪಿಕೊಂಡೆನೆಂದು ಅವರು 1965ರ ಪ್ರವಚನವೊಂದರಲ್ಲಿ ನೆನೆದರು.

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ದಿವಾಕರರೊಬ್ಬರೇ ಕಿಂಗ್ ಅವರನ್ನು ತಿದ್ದಿದರು ಎಂದರೆ ಇಬ್ಬರಿಗೂ ಅನ್ಯಾಯ. ವಿದ್ಯಾರ್ಥಿ ದೆಸೆಯಲ್ಲೇ ಕಿಂಗ್ ಗಾಂಧಿಯವರನ್ನು ಓದಿದ್ದರು. ಬಸ್ ಬಹಿಷ್ಕಾರದ ಕಾಲದಲ್ಲಿ ಬಯಾರ್ಡ್ ರಸ್ಟಿನ್ ಅವರಂಥ ಅಹಿಂಸಾ ಹೋರಾಟದ ಅನುಭವಿಗಳು ಜೊತೆಗಿದ್ದರು. ಆದರೂ ದಂಡ ಕಟ್ಟಿ ಹೊರಬರುವುದಕ್ಕಿಂತ ಸೆರೆಯೊಳಗಿರುವುದೇ ಲೇಸೆಂಬ 1958ರ ನಿಲುವಿನಿಂದ 1963ರ ಬರ್ಮಿಂಗ್‌ಹ್ಯಾಮ್ ಕೋಣೆಗೆ ನೇರವಾದ ದಾರಿಯಿದೆ. ಆ ದಾರಿಯ ಆರಂಭದಲ್ಲಿ ನಮ್ಮವರೊಬ್ಬರು ನಿಂತಿದ್ದರು.

ವಿಚಾರದ ಈ ಓಡಾಟಕ್ಕೆ ಇನ್ನೊಂದು ಕವಲೂ ಇದೆ. 1946ರ ಜುಲೈನಲ್ಲಿ ಡಾ. ಅಂಬೇಡ್ಕರ್ ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಅಲ್ಲಿನ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು ಕೇಳಿದರು. ಅದೇ ತಿಂಗಳ 31ರಂದು ಡು ಬಾಯ್ಸ್ ಉತ್ತರಿಸಿದರು. ಆ ಕಾಗದಗಳು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿ ಇಂದಿಗೂ ಭದ್ರವಾಗಿವೆ. ಒಂದು ದೇಶದ ದಮನಿತರ ಅರ್ಜಿ ಇನ್ನೊಂದು ದೇಶದ ದಮನಿತರಿಗೆ ಪಾಠವಾಗಬಲ್ಲದೆಂದು ಅಂಬೇಡ್ಕರರಿಗೆ ತಿಳಿದಿತ್ತು. ಆ ಕಾಗದವನ್ನು ಯಾರೋ ಜೋಪಾನ ಮಾಡಿದ್ದರಿಂದಲೇ ಅದು ಇಂದು ನಮಗೂ ತಿಳಿದಿದೆ.

4. ಕೈಬರಹದ ಬೆಲೆ, ಕೈಗಳ ಬೆಲೆ

ದೊಡ್ಡವರ ಕೈಬರಹಕ್ಕೆ ಮಾರುಕಟ್ಟೆಯಿದೆ. 2006ರಲ್ಲಿ ಕಿಂಗ್ ಅವರ ಹತ್ತು ಸಾವಿರದಷ್ಟು ಕಾಗದಪತ್ರಗಳು ಹರಾಜಿಗೆ ಬರುವುದರಲ್ಲಿದ್ದಾಗ ಅಟ್ಲಾಂಟ ನಗರದ ಪ್ರಮುಖರು ಒಗ್ಗೂಡಿ ಸುಮಾರು 3.2 ಕೋಟಿ ಡಾಲರಿಗೆ ಕೊಂಡುಕೊಂಡರು. ಅವು ಚದುರಿ ಖಾಸಗಿ ತಿಜೋರಿಗಳ ಪಾಲಾಗದೆ ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿನಲ್ಲಿ ನೆಲೆಗೊಂಡವು. ಇದು ಒಳ್ಳೆಯ ಕೆಲಸ. ಆದರೆ ಪತ್ರದ ಬೆಲೆಯನ್ನು ಹಣದಿಂದ ಅಳೆಯುವವರಿಗೆ ಬರ್ಮಿಂಗ್‌ಹ್ಯಾಮ್ ಪತ್ರ ಬೇರೊಂದು ಲೆಕ್ಕ ಹೇಳಿಕೊಡುತ್ತದೆ.

ಆ ಪತ್ರ ನಡೆದ ಹಾದಿಯನ್ನು ನೋಡಿ. ಕೈದಿಯೊಬ್ಬ ಕಾಗದ ತಂದುಕೊಟ್ಟ; ಅವನ ಹೆಸರು ಚರಿತ್ರೆಯ ಪುಟಕ್ಕೆ ಬರಲಿಲ್ಲ. ವಕೀಲ ಕ್ಲಾರೆನ್ಸ್ ಜೋನ್ಸ್ ಬರೆದ ಚೂರುಗಳನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಹೊರಗೆ ತಂದರು. ಸಂಘಟಕ ವ್ಯಾಟ್ ಟೀ ವಾಕರ್ ಆ ಗೋಜಲು ಅಕ್ಷರಗಳನ್ನು ಬಿಡಿಸಿ ಓದಿದರು. ಕಾರ್ಯದರ್ಶಿ ವಿಲ್ಲಿ ಪರ್ಲ್ ಮ್ಯಾಕಿ ಬೆರಳಚ್ಚು ಮಾಡಿದರು. ಕ್ವೇಕರ್ ಪಂಥದ ಸೇವಾಸಂಸ್ಥೆ ಮೇ ತಿಂಗಳಲ್ಲಿ ಅದನ್ನು ಕಿರುಹೊತ್ತಿಗೆಯಾಗಿ ಹೊರತಂದಿತು. ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಮರುವರ್ಷ ಪುಸ್ತಕದೊಳಗೆ ಸೇರಿತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೂ ಪತ್ರ ಸೆರೆಮನೆಯ ಕಸದ ಪಾಲಾಗುತ್ತಿತ್ತು.

ಅದು ಜಗತ್ತಿಗೆ ಮುಟ್ಟಿದ್ದು ಬೆರಳಚ್ಚಿನ ರೂಪದಲ್ಲಿ. ಹಾಗಿದ್ದೂ ಕೈಬರಹಕ್ಕೆ ಬೇರೆಯೇ ಆದ ಸಾಕ್ಷ್ಯದ ಬಲವಿದೆ. ಬರೆದವರಿಗೆ ಕಾಗದವನ್ನೂ ನಿರಾಕರಿಸಲಾಗಿತ್ತು ಎಂಬುದನ್ನು ಅಚ್ಚಿನ ಹಾಳೆ ಹೇಳಲಾರದು. ಪತ್ರಿಕೆಯ ಅಂಚಿಗೆ ಒತ್ತರಿಸಿ ಬರೆದ ಅಕ್ಷರ ಹೇಳುತ್ತದೆ. ಮೂಲಪ್ರತಿಗಳನ್ನು ಕಾಪಾಡಬೇಕೆನ್ನುವುದು ಇದೇ ಕಾರಣಕ್ಕೆ. ಪೂಜೆಗೆ ಇಡಲು ಅಲ್ಲ, ಸಾಕ್ಷಿಗೆ ಕರೆಯಲು.

5. ನಮ್ಮ ಸೀಮೆಯ ಕಾಗದಗಳು

ಈಗ ನಮ್ಮ ಕಡೆಗೆ ಬರೋಣ. ಈ ನೆಲದಲ್ಲಿ ಕಾಗದವೇ ಹಕ್ಕಾದ ಉದಾಹರಣೆ ನಮ್ಮ ಹಿರಿಯರ ಕಣ್ಣೆದುರಿನಲ್ಲೇ ನಡೆದಿದೆ. ಹುಣಸೂರಿನ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ಏಳನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಬಾಯಿಮಾತಿನ ಗೇಣಿಗೆ ಕರಾರುಪತ್ರವೆಲ್ಲಿಂದ ಬರಬೇಕು? ಒಂದು ಅರ್ಜಿ, ಅದಕ್ಕೊತ್ತಿದ ಹೆಬ್ಬೆಟ್ಟು, ಅಕ್ಕಪಕ್ಕದವರ ಹೇಳಿಕೆ: ಇವುಗಳಿಂದಲೇ ಉಳುವವನು ಒಡೆಯನಾದ. ಮೈಸೂರಿನಿಂದ ಹೊರಡುತ್ತಿದ್ದ ‘ಪಂಚಮ’ ಪತ್ರಿಕೆ, ದಲಿತ ಸಂಘರ್ಷ ಸಮಿತಿಯ ಕರಪತ್ರಗಳು, ಗೋಡೆಬರಹಗಳು ಅದೇ ದಶಕದ ಕೊಡುಗೆ. ಮಾತು ಕಸಿದುಕೊಂಡವರ ಎದುರಿಗೆ ಬರಹವನ್ನು ನಿಲ್ಲಿಸಿದ ತಲೆಮಾರು ಅದು.

ಕಾಡಿನ ಮಕ್ಕಳಿಗೆ ಆ ಭೂಸುಧಾರಣೆ ತಲುಪಲಿಲ್ಲ. ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಬಾಳಿದ ನೆಲಕ್ಕೆ ಪಹಣಿಯಲ್ಲಿ ಅವರ ಹೆಸರಿರಲಿಲ್ಲ. ಒಂದು ಕಡೆ ಕಬಿನಿ ಜಲಾಶಯದ ನೀರು ನಿಂತಿತು. ಇನ್ನೊಂದು ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಗರಹೊಳೆ, ಬಂಡೀಪುರಗಳ ಕಾಡು ಬಿಗಿಯಾಯಿತು. ಹಾಡಿಗಳನ್ನು ಒಕ್ಕಲೆಬ್ಬಿಸಲಾಯಿತು. 1990ರ ದಶಕದಲ್ಲಿ ನಾಗರಹೊಳೆಯೊಳಗೆ ಐಷಾರಾಮಿ ಹೋಟೆಲು ಏಳಲಿದ್ದಾಗ ಆದಿವಾಸಿಗಳು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟಿನ ತೀರ್ಪು ಆ ಯೋಜನೆಯನ್ನು ನಿಲ್ಲಿಸಿತು. ಕಾಡಿನಿಂದ ಹೊರಬಿದ್ದವರ ಸ್ಥಿತಿಯನ್ನು ಪರಿಶೀಲಿಸಲು ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 3,418 ಕುಟುಂಬಗಳನ್ನು ಗುರುತಿಸಿ 2014ರಲ್ಲಿ ವರದಿ ಕೊಟ್ಟಿತು. ಕಿಂಗ್ ಹೇಳಿದ ಮೊದಲ ಮೆಟ್ಟಿಲೆಂದರೆ ಇದೇ: ಆದ ಅನ್ಯಾಯವನ್ನು ಎಣಿಸಿ, ಹೆಸರು ಹಿಡಿದು, ಬರೆದಿಡುವುದು.

2006ರ ಅರಣ್ಯ ಹಕ್ಕು ಕಾಯ್ದೆ ಈ ಬರವಣಿಗೆಗೆ ಕಾನೂನಿನ ಸ್ಥಾನ ಕೊಟ್ಟಿತು. ಕಾಯ್ದೆಯ ಪೀಠಿಕೆಯೇ ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು ಒಪ್ಪಿಕೊಳ್ಳುತ್ತದೆ. ಅದರಂತೆ ಹಕ್ಕಿನ ಅರ್ಜಿ ಮೊದಲು ಹೋಗಬೇಕಾದದ್ದು ಕಚೇರಿಗಲ್ಲ, ಗ್ರಾಮಸಭೆಗೆ. ಮನೆ, ಬಾವಿ, ಸ್ಮಶಾನ, ದೇವರ ನೆಲೆ ಇವೆಲ್ಲ ಸಾಕ್ಷ್ಯಗಳೆಂದು ನಿಯಮಗಳು ಒಪ್ಪುತ್ತವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಓದುಬರಹ ಕಲಿಯಲು ಅವಕಾಶವಿಲ್ಲದೆ ಬಾಳಿದ ಅಜ್ಜಿಯೊಬ್ಬರು ತಾನು ಹುಟ್ಟಿದ ಹಾಡಿಯ ಗುರುತು ಹೇಳಿ, ಊರಿನ ಹುಡುಗಿಯೊಬ್ಬಳು ಅದನ್ನು ಬರೆದುಕೊಂಡು, ಅಜ್ಜಿ ಹೆಬ್ಬೆಟ್ಟು ಒತ್ತಿದರೆ ಆ ಹಾಳೆ ಭಾರತದ ಕಾನೂನಿನ ಮುಂದೆ ದಾಖಲೆಯಾಗುತ್ತದೆ. ನಮ್ಮ ಸೀಮೆಯ ಅಪರೂಪದ ಕೈಬರಹದ ಪತ್ರ ಅದು. ಬರ್ಮಿಂಗ್‌ಹ್ಯಾಮ್‌ನಂತೆ ಅಲ್ಲಿಯೂ ಹೇಳುವವರು ಒಬ್ಬರು, ಬರೆಯುವವರು ಒಬ್ಬರು, ಹೊತ್ತು ಮುಟ್ಟಿಸುವವರು ಇನ್ನೊಬ್ಬರು. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೂ ಹಕ್ಕು ಮತ್ತು ಕಾಡು ಜೊತೆಗಿರಬಲ್ಲವು ಎಂಬುದಕ್ಕೆ ಅದು ಮಾದರಿಯಾಯಿತು. ಹೇಳಿದ್ದನ್ನು ಬರೆದು, ನಕ್ಷೆ ಮಾಡಿ, ಜೋಪಾನ ಮಾಡಿದ ದೀರ್ಘ ಶ್ರಮ ಅದರ ಹಿಂದಿದೆ.

6. ಉತ್ತರ ಕೊಡುವ ಹೊಣೆ

ಪತ್ರವೆಂದ ಮೇಲೆ ಉತ್ತರವೂ ಬೇಕು. ಕಿಂಗ್ ಬರೆದದ್ದೇ ಒಂದು ಹೇಳಿಕೆಗೆ ಉತ್ತರವಾಗಿ. ಟೀಕಿಸಿದವರಿಗೂ ಕಾರಣಸಹಿತವಾಗಿ ಉತ್ತರಿಸುವುದು ಅವರ ದೃಷ್ಟಿಯಲ್ಲಿ ಗೌರವದ ಮಾತಾಗಿತ್ತು. ಅರಣ್ಯ ಹಕ್ಕಿನ ನಿಯಮಗಳೂ ಇದನ್ನೇ ಬಯಸುತ್ತವೆ. ಅರ್ಜಿ ತಿರಸ್ಕೃತವಾದರೆ ವಿವರವಾದ ಕಾರಣಗಳನ್ನು ದಾಖಲಿಸಬೇಕು, ಅರ್ಜಿದಾರರಿಗೆ ತಿಳಿಸಬೇಕು. ಮೇಲ್ಮನವಿಗೆ 60 ದಿನಗಳ ಅವಕಾಶವಿದೆ. ಹಿಂಬರಹವೇ ಬಾರದಿದ್ದರೆ ಆ 60 ದಿನಗಳಿಗೆ ಅರ್ಥವಿಲ್ಲ. 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಲು ಸರ್ವೋಚ್ಚ ನ್ಯಾಯಾಲಯದ ಆದೇಶ ಬಂತು. ಎರಡೇ ವಾರದಲ್ಲಿ ಅದಕ್ಕೆ ತಡೆ ಬಿತ್ತು. ಆ ಎರಡು ವಾರ ದೇಶದ ಕಾಡಂಚಿನಲ್ಲೆಲ್ಲ ಆತಂಕ ಹಬ್ಬಿತ್ತು. ತಿರಸ್ಕಾರ ಸರಿಯಾದ ಕ್ರಮದಲ್ಲಿ ನಡೆದಿದೆಯೆ ಎಂಬುದೇ ಆಗ ಎದ್ದ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದದ್ದು ಕಡತಗಳಲ್ಲಿ, ಅರ್ಜಿಯ ನಕಲಿನಲ್ಲಿ, ಸ್ವೀಕೃತಿ ಚೀಟಿಯಲ್ಲಿ, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ. ಅವು ಮಳೆಗೆ ನೆನೆದು, ಗೆದ್ದಲು ತಿಂದು ಹೋದರೆ ಹಕ್ಕೂ ಜೊತೆಗೇ ಹೋಗುತ್ತದೆ.

ಆದ್ದರಿಂದ ಈ ದತ್ತಿಯ ಆಶಯಕ್ಕೆ ತಕ್ಕಂತೆ ನಾಲ್ಕು ಕೆಲಸಗಳನ್ನು ಸಭೆಯ ಮುಂದಿಡುತ್ತೇನೆ. ಒಂದು, ಪ್ರತಿ ಹಾಡಿಯ ಅರ್ಜಿ, ಸ್ವೀಕೃತಿ, ಹಿಂಬರಹ, ನಡಾವಳಿಗಳ ನಕಲು ಗ್ರಾಮಸಭೆಯ ಬಳಿಯೂ ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ಇರಬೇಕು. ಎರಡು, ಹಿರಿಯರ ಹೇಳಿಕೆಗಳನ್ನು ಅವರವರ ನುಡಿಯಲ್ಲೇ ಧ್ವನಿಮುದ್ರಿಸಿ, ಜೊತೆಗೆ ಕನ್ನಡದಲ್ಲಿ ಬರೆದಿಡಬೇಕು. ಆ ಕೆಲಸಕ್ಕೆ ಹಾಡಿಯ ಓದಿದ ಮಕ್ಕಳೇ ಮುಂದಾಗಬೇಕು, ಅವರಿಗೆ ಗೌರವಧನ ಸಿಗಬೇಕು. ಮೂರು, ಈ ಕಾಗದಗಳ ಒಡೆತನ ಆಯಾ ಗ್ರಾಮಸಭೆಯದಾಗಿಯೇ ಉಳಿಯಬೇಕು. ಸಂಶೋಧಕರಾಗಲಿ ಸಂಸ್ಥೆಗಳಾಗಲಿ ಅವರ ಒಪ್ಪಿಗೆಯಿಲ್ಲದೆ ಒಂದು ಹಾಳೆಯನ್ನೂ ಒಯ್ಯಬಾರದು. ನಾಲ್ಕು, ನಮ್ಮ ಕಾಲೇಜುಗಳ ಚರಿತ್ರೆ ಮತ್ತು ಕನ್ನಡ ವಿಭಾಗಗಳು ಬರ್ಮಿಂಗ್‌ಹ್ಯಾಮ್ ಪತ್ರವನ್ನೂ ನಮ್ಮ ಸೀಮೆಯ ಅರ್ಜಿಗಳನ್ನೂ ಒಟ್ಟಿಗೆ ಓದಿಸಬೇಕು. ಆಗ ವಿದ್ಯಾರ್ಥಿಗೆ ತನ್ನಜ್ಜಿಯ ಹೆಬ್ಬೆಟ್ಟು ನಾಚಿಕೆಯ ಗುರುತಾಗಿ ಕಾಣುವುದಿಲ್ಲ. ಜಗತ್ತಿನ ಹಕ್ಕಿನ ಚರಿತ್ರೆಯಲ್ಲಿ ಅದಕ್ಕೂ ಸ್ಥಾನವಿದೆಯೆಂದು ತಿಳಿಯುತ್ತದೆ.

ಬರ್ಮಿಂಗ್‌ಹ್ಯಾಮ್‌ನ ಚಳವಳಿ ನಡೆದ ಮರುವರ್ಷ, 1964ರ ಜುಲೈ 2ರಂದು, ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ನಮ್ಮಲ್ಲಿ ಕಾಯ್ದೆ ಮೊದಲೇ ಬಂದಿದೆ; ಅದು ಅರ್ಜಿದಾರರ ಮನೆ ತಲುಪುವುದು ಬಾಕಿಯಿದೆ. ತಲುಪಿಸುವ ಕೆಲಸಕ್ಕೆ ಮಹಾಪುರುಷರೇ ಬೇಕೆಂದಿಲ್ಲ. ಕಾಗದ ತಂದುಕೊಡುವವರು, ಅಕ್ಷರ ಬಿಡಿಸಿ ಓದುವವರು, ನಕಲು ಮಾಡುವವರು, ಕಚೇರಿಗೆ ಹೋಗಿ ಹಿಂಬರಹ ಕೇಳುವವರು ಬೇಕು. ಈ ಸಭೆಯಲ್ಲಿ ಕುಳಿತಿರುವ ಪ್ರತಿಯೊಬ್ಬರಿಂದಲೂ ಇವುಗಳಲ್ಲಿ ಒಂದಾದರೂ ಕೆಲಸ ಸಾಧ್ಯ. ಅದನ್ನು ಕೈಗೆತ್ತಿಕೊಳ್ಳಿರೆಂದು ವಿನಂತಿಸುತ್ತೇನೆ.